ದೀಪ ಹಚ್ಚುವ ಹೊತ್ತಿನ ಹೊಗೆ

ಜಯಕ್ಕ, ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದವಳು ನಾನು. ನಿಮ್ಮ ಯಜಮಾನರಲ್ಲ. ಶಿವಣ್ಣನವರು ಬದುಕಿದ್ದಾಗ ನಿಮ್ಮ ಬಾಗಿಲಿಗೆ ಬಂದ ಹೊಗೆಯೂ ನನ್ನದೇ, ಅವರು ತೀರಿಕೊಂಡ ಮೇಲೆ ಬಂದ ಹೊಗೆಯೂ ನನ್ನದೇ — ಕೊನೆಯ ಒಂದು ಸಂಜೆಯದನ್ನು ಬಿಟ್ಟು. ಅದರ ವಿಷಯ ಆಮೇಲೆ ಹೇಳುತ್ತೇನೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಾಗೆ ಹೇಳದಿದ್ದರೆ ನಡುವೆ ಎಲ್ಲೋ ನುಣುಚಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಕಲ್ಕತ್ತೆಯ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಆ ಹಳೆಯ ಕಟ್ಟಡದಲ್ಲಿ ಕನ್ನಡದವರೆಂದರೆ ನಮ್ಮದೂ ನಿಮ್ಮದೂ ಎರಡೇ ಮನೆ. ನಾವು ಧಾರವಾಡದವರು, ನೀವು ಮಂಡ್ಯದ ಕಡೆಯವರು. ನಿಮ್ಮದು ಎಲ್ಲಕ್ಕಿಂತ ಮೇಲಿನ ಮಹಡಿ, ನಮ್ಮದು ಅದರ ಕೆಳಗಿನದು. ಶಿವಣ್ಣನವರು ರೈಲ್ವೆ ಕಚೇರಿಯಿಂದ ನಿವೃತ್ತರಾಗಿದ್ದರು. ನನ್ನ ಗಂಡನದು ಕೇಂದ್ರ ಸರ್ಕಾರದ ಕೆಲಸ. ನಾನು ಮಾತ್ರ ಸಾಲ್ಟ್ ಲೇಕಿನ ಗಾಜಿನ ಕಟ್ಟಡವೊಂದರಲ್ಲಿ ಆಸ್ಟ್ರೇಲಿಯಾದ ಯಾವುದೋ ಕಂಪನಿಯ ಸಾಫ್ಟ್‌ವೇರಿನ ತಪ್ಪು ಹುಡುಕುತ್ತಿದ್ದೆ. ಅವರ ಹೊತ್ತಿಗೆ ನಮ್ಮ ಹೊತ್ತು ಹೊಂದಿಸಬೇಕಲ್ಲ, ಹಾಗಾಗಿ ಬೆಳಕು ಹರಿಯುವ ಮುಂಚೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದೆ. ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು. ನಗಬೇಕೆನಿಸಿದರೆ ನಗಿ.

ಸಿಗರೇಟು ಕಲಿತದ್ದು ಆಫೀಸಿನ ಎದುರಿನ ಚಹಾದಂಗಡಿಯಲ್ಲಿ. ಅಲ್ಲಿ ಹುಡುಗರು ಹುಡುಗಿಯರು ಎಲ್ಲ ಸೇದುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ನಮ್ಮ ಪಾಡಾಕ್ಕೆ, ಅಂದರೆ ನಮ್ಮ ಕೇರಿಗೆ, ಕಾಲಿಟ್ಟರೆ ನಾನು ಇನ್ನೊಬ್ಬಳು — ಹಣೆಗೆ ಕುಂಕುಮ, ಮನೆಯಲ್ಲಿ ಮಡಿ ಉಡುವ ಅತ್ತೆ. ಸ್ಟೇಷನ್ ಬಳಿಯ ಪಾನ್ ಅಂಗಡಿಯ ಕಂಬಕ್ಕೆ ತೆಂಗಿನ ನಾರಿನ ಹಗ್ಗವೊಂದು ನೇತಾಡುತ್ತಿತ್ತು, ನೆನಪಿದೆಯಾ? ತುದಿಯಲ್ಲಿ ಸದಾ ಕೆಂಡ. ಗಂಡಸರು ಬಂದು ಅದಕ್ಕೆ ಸಿಗರೇಟು ತಾಗಿಸಿ ಹಚ್ಚಿಕೊಂಡು ಹೋಗುವರು. ನಾನು ಅದನ್ನು ಕಣ್ಣೆತ್ತಿಯೂ ನೋಡದೆ, ಮನೆಯವರಿಗೆ ಎಂದು ಹೇಳಿ, ಕಾಗದದಲ್ಲಿ ಸುತ್ತಿಸಿಕೊಂಡು ಬರುತ್ತಿದ್ದೆ.

ಸೇದಲು ಸಿಕ್ಕ ಜಾಗ ಒಂದೇ. ನಿಮ್ಮ ಬಾಗಿಲು ದಾಟಿ ತಾರಸಿಗೆ ಹೋಗುವ ಮೆಟ್ಟಿಲಲ್ಲಿ, ಅರ್ಧ ಏರಿದ ಮೇಲೆ ಬರುವ ಆ ಚಿಕ್ಕ ಚೌಕ. ತಾರಸಿಯ ಬಾಗಿಲಿಗೆ ಬೀಗ, ಬಲ್ಬು ಯಾವಾಗಲೂ ಕೆಟ್ಟದ್ದು, ಗೋಡೆಯಲ್ಲಿ ತುಕ್ಕು ಹಿಡಿದು ಬಿಗಿದುಹೋದ ಕಿಟಕಿ. ಸಂಜೆ ಮನೆಮನೆಯಲ್ಲೂ ಶಂಖ ಊದುವ ಹೊತ್ತಿಗೆ ಮೆಟ್ಟಿಲ ಮೇಲೆ ನರಪಿಳ್ಳೆಯೂ ಇರುತ್ತಿರಲಿಲ್ಲ. ನಮ್ಮತ್ತೆ ದೇವರ ಮುಂದೆ ಕೂತಿರುತ್ತಿದ್ದರು. ಆ ಹೊತ್ತು ನನ್ನದು. ಬ್ಯಾಗಿನಲ್ಲಿ ಸೋಂಪು, ಏಲಕ್ಕಿ — ಎಲ್ಲ ತಯಾರಿ ಇರುತ್ತಿತ್ತು.

ಆದರೆ ಅದೇ ಹೊತ್ತು ನಿಮ್ಮದೂ ಆಗಿತ್ತು. ದೀಪ ಹಚ್ಚುವಾಗ ಹಿತ್ತಲ ಬಾಗಿಲು ಹಾಕಿ ಮುಂಬಾಗಿಲು ತೆಗೆದಿಡಬೇಕು, ಲಕ್ಷ್ಮಿ ಬರುವ ಹೊತ್ತು — ನಿಮ್ಮ ಕಡೆಯ ಪದ್ಧತಿ, ನಮ್ಮದೂ ಅದೇ. ಕಲ್ಕತ್ತೆಯ ಫ್ಲಾಟಿನಲ್ಲಿ ಹಿತ್ತಲೂ ಇಲ್ಲ, ಅದಕ್ಕೊಂದು ಬಾಗಿಲೂ ಇಲ್ಲ. ನೀವು ಅಡುಗೆಮನೆಯ ಕಿಟಕಿಯನ್ನೇ ಹಿತ್ತಲೆಂದುಕೊಂಡು ಮುಚ್ಚಿ, ಮುಂಬಾಗಿಲು ಪೂರ್ತಿ ತೆಗೆದು, ದೀಪದ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದಿರಿ. ಹೊಗೆಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಮೆಟ್ಟಿಲಿಳಿದು ನೇರ ಒಳಗೆ ಬರುತ್ತಿತ್ತು. ನಿಮಗೋ ಉಬ್ಬಸ.

ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು — ಆದರೆ ಗೊತ್ತಿತ್ತು. ಶಿವಣ್ಣನವರೇ ಹೇಳಿದ್ದರು.

ಒಂದು ಸಂಜೆ ಅವರು ಮೆಲ್ಲಗೆ ಮೆಟ್ಟಿಲೇರಿ ಬಂದುಬಿಟ್ಟರು. ನಾನು ಸಿಗರೇಟನ್ನು ಬೆನ್ನ ಹಿಂದೆ ಹಿಡಿದೆ. ಹೊಗೆ ತಲೆಯ ಮೇಲೆ ಏಳುತ್ತಿತ್ತು, ಮುಚ್ಚಿಟ್ಟಿದ್ದಾದರೂ ಏನನ್ನು? ಅವರು ನನ್ನ ಮುಖ ನೋಡಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ, ಅಂಗೈಯಿಂದ ಗುದ್ದಿ ಗುದ್ದಿ ಆ ತುಕ್ಕು ಬಿಡಿಸಿ, ತೆಗೆದರು. ಅಂಗೈ ಒರೆಸಿಕೊಳ್ಳುತ್ತಾ ಹೇಳಿದರು — "ಈ ಹೊತ್ತು ಬ್ಯಾಡ ಕಣವ್ವ. ಬಾಗ್ಲು ತೆಗ್ದಿರ್ತದೆ, ಅವ್ಳಿಗೆ ಉಬ್ಬಸ. ದೀಪ ಆದ್ಮೇಲೆ ಬಾಗ್ಲು ಹಾಕೋತೀವಿ, ಆಗ ಸೇದ್ಕೊ. ನಾನೇನು ನಿಮ್ಮತ್ತೆಗೆ ಹೇಳಕ್ಕೆ ಹೋಗಲ್ಲ."

ಬಿಡು ಎನ್ನಲಿಲ್ಲ, ಹೆಣ್ಣಾಗಿ ಹೀಗಾ ಎನ್ನಲಿಲ್ಲ. ತಾವು ಮೂವತ್ತು ವರ್ಷ ಸೇದಿ, ನಿಮ್ಮ ಉಬ್ಬಸಕ್ಕಾಗಿ ನಿಮ್ಮ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಬಿಟ್ಟವರು. ಅವರಿಗೆ ಆ ಆಸೆಯೂ ಗೊತ್ತು, ಅದರ ಬೆಲೆಯೂ ಗೊತ್ತು. ನನ್ನಿಂದ ಕೇಳಿದ್ದು ಸ್ವಲ್ಪ ಹೊತ್ತು ತಡೆದುಕೋ ಎಂದು, ಅಷ್ಟೇ.

ಅಷ್ಟನ್ನೂ ನಾನು ಮಾಡಲಿಲ್ಲ. ಕೆಲವು ದಿನ ತಡೆದೆ. ಆಮೇಲೆ — ದೀಪ ಆದ ಮೇಲೆ ಅತ್ತೆ ಚಹಾ ಕೇಳುತ್ತಾರೆ, ಗಂಡ ಬರುತ್ತಾನೆ, ನನಗೆ ಬೇರೆ ಹೊತ್ತೆಲ್ಲಿದೆ — ಹೀಗೆಲ್ಲ ನನಗೆ ನಾನೇ ವಕಾಲತ್ತು ಹಾಕಿಕೊಂಡು ಮತ್ತೆ ಶಂಖದ ಹೊತ್ತಿಗೇ ಏರತೊಡಗಿದೆ. ಕಿಟಕಿ ತೆಗೆದಿದೆಯಲ್ಲ, ಸಾಕು ಎಂದುಕೊಂಡೆ.

ಸಾರ್ವಜನಿಕ ಜಾಗಗಳಲ್ಲಿ ಸಿಗರೇಟು ಸೇದಬಾರದೆಂಬ ನಿಯಮ ದೇಶಕ್ಕೆಲ್ಲ ಬಂದ ವರ್ಷ ಅದು. ನಮ್ಮ ಕಟ್ಟಡದ ಸೆಕ್ರೆಟರಿ ಘೋಷ್‌ಬಾಬು ಮೆಟ್ಟಿಲ ಗೋಡೆಗೂ ಒಂದು ಕಾಗದ ಅಂಟಿಸಿದರು. ಅಂಟಿಸುವಾಗ ಅವರ ತುಟಿಯಲ್ಲೇ ಒಂದು ಉರಿಯುತ್ತಿತ್ತು. ನಾವೆಲ್ಲ ನಕ್ಕೆವು, ನೀವೂ ನಕ್ಕಿರಿ. ಮರುದಿನ ಸಂಜೆಯೇ ಆ ಚೌಕದಲ್ಲಿ ನಿಮಗೆ ಸಿಗರೇಟಿನ ತುಂಡು ಸಿಕ್ಕಿತು. ಕಿಟಕಿಯಿಂದ ಎಸೆದದ್ದು ಸರಳಿಗೆ ತಾಗಿ ಒಳಗೇ ಬಿದ್ದಿತ್ತು, ನಾನು ನೋಡಿರಲಿಲ್ಲ.

ನಾನು ತರಕಾರಿ ಚೀಲ ಹಿಡಿದು ನಮ್ಮ ಬಾಗಿಲಲ್ಲಿದ್ದೆ. ಮೇಲಿನಿಂದ ನಿಮ್ಮ ದನಿ ಕೇಳಿತು. ಕಿರುಚಾಟವಲ್ಲ, ಕಿರುಚಿದ್ದರೆ ವಾಸಿಯಿತ್ತು. "ನನ್ ತಲೆ ಮೇಲೆ ಕೈಯಿಟ್ಟಿದ್ರಲ್ರೀ" ಎಂದಿರಿ. "ನಾನಲ್ಲ ಕಣೆ" ಎಂದರು ಅವರು. "ಮತ್ಯಾರು, ನಮ್ ಬಾಗ್ಲು ದಾಟಿ ಮೇಲಕ್ಕೆ ಇನ್ಯಾರು ಹೋಗ್ತಾರೆ?" ಅವರು ಕಂಬಿಯ ಮೇಲಿಂದ ಕೆಳಗೆ ಬಗ್ಗಿ ನೋಡಿದರು. ನಾನು ಕಂಡೆ. ನನ್ನನ್ನೇ ನೋಡುತ್ತಿದ್ದರು — ದೂರುವ ನೋಟವಲ್ಲ ಅದು, ಕಾಯುವ ನೋಟ. ನಾನು ಚಪ್ಪಲಿಯ ಪಟ್ಟಿ ಸರಿಮಾಡುವವಳ ಹಾಗೆ ಬಗ್ಗಿದೆ. ಪಟ್ಟಿ ಸರಿಯಾಗೇ ಇತ್ತು. ತಲೆ ಎತ್ತುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು.

ಅವರು ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ನನ್ನ ಸಂಸಾರದಲ್ಲಿ ಏನಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಆಮೇಲೊಮ್ಮೆ ಕೆಳಗಿನ ಗೇಟಿನಲ್ಲಿ ಸಿಕ್ಕಾಗ "ನೀನೇ ಒಂದ್ಮಾತು ಹೇಳ್ಬುಡವ್ವ, ಯಾವಾಗ ಅನ್ಸುತ್ತೋ ಆಗ" ಎಂದರು. ಹೂಂ ಎಂದೆ. ಹಬ್ಬ ಕಳೆಯಲಿ, ಅತ್ತೆ ಊರಿಗೆ ಹೋಗಲಿ, ಆಫೀಸಿನ ಈ ರಿಲೀಸ್ ಮುಗಿಯಲಿ — ನಾನು ಮುಂದೂಡುತ್ತಾ ಹೋದೆ. ನೀವು ಅವರ ತಟ್ಟೆಗೆ ಮಾತಿಲ್ಲದೆ ಬಡಿಸುತ್ತಾ ಹೋದಿರಿ. ಬೇಸಿಗೆಯ ಒಂದು ಮಧ್ಯಾಹ್ನ ಮಲಗಿದ ಶಿವಣ್ಣನವರು ಏಳಲಿಲ್ಲ.

ಸುಳ್ಳು ಆಣೆ ಮಾಡಿದವರಿಗೆ ಏನಾಗುತ್ತದೆ, ಯಾರ ತಲೆಯ ಮೇಲೆ ಆಣೆಯಿಟ್ಟರೋ ಅವರಿಗೆ ಏನಾಗುತ್ತದೆ — ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ವರ್ಷ ನಿಮ್ಮ ಉಬ್ಬಸ ಹೆಚ್ಚಾಗಿತ್ತು. ನೀವು ಅದನ್ನು ಆಣೆಯ ಲೆಕ್ಕಕ್ಕೆ ಹಾಕಿಕೊಂಡಿರಿ. ನಾನು ಸತ್ತವರ ಮನೆಯಲ್ಲಿ ಚಹಾ ಕಾಯಿಸಿ ಹಂಚಿದೆ, ನಿಮ್ಮ ಬೆನ್ನು ಸವರಿದೆ. ನನ್ನ ಬೆರಳಲ್ಲಿ ಏಲಕ್ಕಿಯ ವಾಸನೆಯಿತ್ತು.

ಹೆದರಿ ಬಹಳ ದಿನ ಮೇಲೆ ಹೋಗಲಿಲ್ಲ. ಆಮೇಲೆ ಮಳೆಗಾಲದಲ್ಲಿ, ಆಫೀಸಿನಲ್ಲಿ ಯಾರದೋ ಬೈಗುಳ ತಿಂದು ಬಂದ ಒಂದು ಸಂಜೆ, ಕಾಲು ತಾನಾಗಿ ಏರಿತು. ಎರಡು ದಮ್ಮು ಎಳೆದಿರಬಹುದು. ಕೆಳಗೆ ನಿಮ್ಮ ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಬೈಯುತ್ತೀರೆಂದುಕೊಂಡೆ. ಬೈಯಲಿಲ್ಲ. ಬಾಗಿಲು ನಿಧಾನವಾಗಿ, ಬಹಳ ನಿಧಾನವಾಗಿ ಮುಚ್ಚಿಕೊಂಡಿತು.

ವಾರದೊಳಗೆ ಕಟ್ಟಡಕ್ಕೆಲ್ಲ ಸುದ್ದಿ. ಮೆಟ್ಟಿಲು ಗುಡಿಸುವವಳು ಸಂಜೆ ಮೇಲೆ ಬರಲಾರೆನೆಂದಳು. ಘೋಷ್‌ಬಾಬು ತಮ್ಮ ಕಾಗದದ ಪಕ್ಕದಲ್ಲೇ ಕಾಳಿಯ ಪಟ ಅಂಟಿಸಿದರು. ನಮ್ಮತ್ತೆ "ಏನ್ ಮನುಷ್ಯಾನೋ ಏನೋ, ಸತ್ತ ಮ್ಯಾಲೂ ಚಟಾ ಬಿಡವಲ್ಲ" ಎಂದು ನನ್ನ ಮುಂದೆಯೇ ನಿಟ್ಟುಸಿರು ಬಿಟ್ಟರು. ನಾನು ಪಲ್ಯ ತಿರುವುತ್ತಿದ್ದೆ, ತಿರುವುತ್ತಲೇ ಇದ್ದೆ. ಇನ್ನೊಂದು ಮಾತು ಹೇಳಲೇಬೇಕು, ನಾಚಿಕೆಯಾದರೂ. ಎಲ್ಲರೂ ಹೆದರಿದ್ದರಿಂದ ನನಗೆ ಅನುಕೂಲವಾಯಿತು. ಆ ಮೆಟ್ಟಿಲು ಈಗ ಪೂರ್ತಿ ನನ್ನದು. ಸತ್ತವರ ಹೆಸರಿನ ಮರೆಯಲ್ಲಿ ನಿಂತು ನಾನು ನಿರಾಳವಾಗಿ ಸೇದಿದೆ.

ಒಂದೇ ಒಂದು ಸಂಗತಿ ನಿರಾಳವಾಗಿರಲಿಲ್ಲ. ಕಿಟಕಿ. ಮಳೆಯ ಎರಚಲು ಬರುತ್ತದೆಂದು ನಾನು ಇಳಿಯುವಾಗ ಅದನ್ನು ಬಿಗಿಯಾಗಿ ಮುಚ್ಚಿ ಬರುತ್ತಿದ್ದೆ. ಮರುದಿನ ಹೋದರೆ ತೆರೆದಿರುತ್ತಿತ್ತು. ಗಾಳಿಯಿರಬೇಕು. ಆದರೆ ಒಮ್ಮೆ ಬಿಗಿಯಾಗಿ ಮುಚ್ಚಿದ ಮೇಲೆ ಆ ತುಕ್ಕಿನ ಕಿಟಕಿ ಎರಡು ಕೈ ಹಾಕಿ ತಳ್ಳಿದರೂ ತೆರೆಯುತ್ತಿರಲಿಲ್ಲ — ಇರಲಿ.

ಮಹಾಲಯ ಅಮಾವಾಸ್ಯೆ ಬಂತು. ಬೆಳಗಿನ ಜಾವ ಪಾಡಾದ ಎಲ್ಲ ಮನೆಗಳ ರೇಡಿಯೋದಲ್ಲೂ ಒಂದೇ ಸ್ತೋತ್ರ. ಗಂಡಸರು ತರ್ಪಣಕ್ಕೆ ಗಂಗೆಗೆ ಹೊರಟಿದ್ದರು. ನೀವು ನಿಮ್ಮ ಪದ್ಧತಿಯಂತೆ ಎಡೆ ಇಟ್ಟಿರಿ. ಒಬ್ಬರೇ ಇದ್ದಿರೆಂದು ನನ್ನನ್ನು ಕರೆದಿರಿ, ಅತ್ತೆಗೆ ಹೇಳದೆ ಬಂದೆ. ಬಾಳೆಲೆಯ ಮೇಲೆ ಅವರಿಗೆ ಇಷ್ಟವಾದದ್ದೆಲ್ಲ — ಮುದ್ದೆ, ಕೋಳಿ ಸಾರು, ವಡೆ, ಕೊನೆಗೆ ಎಲೆಯ ತುದಿಗೆ ಒಂದು ಸಿಗರೇಟು, ಬೆಂಕಿಪೊಟ್ಟಣ. "ಆಣೆ ಮುರಿದೋರಿಗೆ ಇನ್ನೇನ್ ಮುಚ್ಚುಮರೆ, ತಗಳ್ಲಿ" ಎಂದಿರಿ. ಬಾಗಿಲು ಹಾಕಿ ಇಬ್ಬರೂ ಹೊರಗೆ ಕೂತೆವು. ಒಳಗೆ ಹೋಗುವ ಮುಂಚೆ ನೀವು ಒಂದು ಸಲ ಬಾಗಿಲು ತಟ್ಟಿದಿರಿ. ನಾನು ಯಾಕೆಂದು ಕೇಳಿದೆ. "ಉಣ್ತಾ ಕೂತೋರು ಎದ್ದೋಗ್ಲಿ ಅಂತ ಕಣಮ್ಮ. ದಡಾರಂತ ನುಗ್ಬಾರ್ದು." ಒಳಗೆ ಸಿಗರೇಟು ಇಟ್ಟ ಹಾಗೇ ಇತ್ತು. ಅದನ್ನು ನೋಡಿ ನೀವು ಅತ್ತಿರಿ — "ನನ್ ಮೇಲೆ ಕೋಪ ಅವ್ರಿಗೆ, ಮುಟ್ಲಿಲ್ಲ" ಎಂದು.

ಅವತ್ತು ಸಂಜೆ ಆ ಸಿಗರೇಟನ್ನೂ ಬೆಂಕಿಪೊಟ್ಟಣವನ್ನೂ ತಂದು ಚೌಕದ ಕಿಟಕಿಯ ಕಟ್ಟೆಯ ಮೇಲಿಟ್ಟಿರಿ. ಅಲ್ಲಿಯಾದರೂ ಸೇದಲಿ ಎಂದು. ಶಂಖದ ಹೊತ್ತಿಗೆ ನಾನು ಅದನ್ನು ಕಂಡೆ. ಮುಟ್ಟದೆ ಬಿಟ್ಟರೆ ನಾಳೆಯೂ ಅಳುತ್ತೀರಿ ಎಂದುಕೊಂಡೆ. ಕರುಣೆಯೆಂದುಕೊಂಡೆ ಅದನ್ನು! ಸತ್ತವರಿಗೆ ಇಟ್ಟ ಎಡೆಯ ಸಿಗರೇಟನ್ನು ತುಟಿಗಿಟ್ಟು, ಎಡೆಯ ಬೆಂಕಿಕಡ್ಡಿಯಿಂದಲೇ ಹಚ್ಚಿ, ಸೇದಿದೆ. ಮರುದಿನ ಅಲ್ಲಿ ಇನ್ನೊಂದಿತ್ತು. ಅದನ್ನೂ ಸೇದಿದೆ. ಆಮೇಲೆ ದಿನವೂ.

ನೀವು ಬಾಗಿಲು ಹಾಕಿಕೊಂಡು ಅದರ ಹಿಂದೆಯೇ ನೆಲದ ಮೇಲೆ ಕೂರುತ್ತಿದ್ದಿರಿ. ನನಗೆ ನಿಮ್ಮ ಉಸಿರು ಕೇಳುತ್ತಿತ್ತು, ಸಿಳ್ಳೆಯ ಹಾಗೆ. ಹೊಗೆ ಇಳಿಯುತ್ತಲೇ ಒಳಗಿನಿಂದ ಮೆಲ್ಲಗೆ ಕೇಳುತ್ತಿದ್ದಿರಿ — "ರೀ, ಬಂದ್ರಾ?"

ಆ ದನಿಯಲ್ಲಿ ನೀವು ನನ್ನ ಎದುರು ಯಾವತ್ತೂ ಮಾತಾಡಿರಲಿಲ್ಲ. ಎಳೆಯ ಹೆಂಡತಿಯ ದನಿ. ಗ್ಯಾಸ್ ಮುಗಿದದ್ದು, ಮೈಸೂರಿನಿಂದ ಮಗಳು ರೂಪಾ ಫೋನು ಮಾಡಿದ್ದು, ಮಾತಿಲ್ಲದೆ ಬಡಿಸಿದ ಆ ತಿಂಗಳುಗಳ ಪಶ್ಚಾತ್ತಾಪ — ಎಲ್ಲ ಹೇಳುತ್ತಿದ್ದಿರಿ. ಹೊಗೆ ಹೆಚ್ಚು ಬರಲೆಂದು ಬಾಗಿಲನ್ನು ಬೆರಳಷ್ಟು ತೆಗೆಯುತ್ತಿದ್ದಿರಿ, ಕೆಮ್ಮುತ್ತಿದ್ದಿರಿ, ಮತ್ತೆ ಮಾತು. ಗಂಡ ಹೆಂಡಿರ ನಡುವಿನ ಮಾತನ್ನು ನಾನು ಕತ್ತಲಲ್ಲಿ ನಿಂತು, ಉಸಿರು ಬಿಗಿಹಿಡಿದು, ಕೇಳುತ್ತಿದ್ದೆ. ಇಳಿದು ಹೋಗಬಹುದಿತ್ತು. ನಿಮ್ಮ ಬಾಗಿಲು ದಾಟಿಯೇ ಹೋಗಬೇಕಲ್ಲ, ಅದಕ್ಕೆ ಹೆದರಿಕೆ. ಹೆದರಿಕೆ ಒಂದೇ ಅಲ್ಲ — ಕೇಳಬೇಕೆಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ನೀವು ಎದ್ದು ಒಳಗೆ ಹೋದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆ.

ದೀಪಾವಳಿಗೆ ಮುಂಚಿನ ಒಂದು ಸಂಜೆ ನೀವು ಬೇರೆ ಏನೂ ಹೇಳಲಿಲ್ಲ. ಇಷ್ಟೇ ಹೇಳಿದಿರಿ — "ಒಂದೇ ಕೇಳ್ತೀನಿ. ಆವಾಗ ನೀವು ನಾನಲ್ಲ ಅಂದ್ರಿ, ನಾನು ನಂಬ್ಲಿಲ್ಲ. ಆಣೆ ಮುರಿದಿಲ್ಲ ಅಂದ್ರೆ ಬಾಗ್ಲು ಒಂದ್ಸಲ ತಟ್ಟಿ. ತೆಗ್ದು ನೋಡಲ್ಲ. ನಿಮ್ಮಾಣೆ ತೆಗ್ದು ನೋಡಲ್ಲ."

ಜಯಕ್ಕ, ಅದು ನಿಜವಾಗಿತ್ತು. ಒಂದು ಸಲ ತಟ್ಟಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಜಗತ್ತಿನಲ್ಲಿ ಅದು ಗೊತ್ತಿದ್ದ ಏಕೈಕ ಜೀವ ನಾನು, ನಿಮ್ಮ ಬಾಗಿಲಿನಿಂದ ಕೆಲವೇ ಮೆಟ್ಟಿಲು ಮೇಲೆ ನಿಂತಿದ್ದೆ. ಇಳಿದೆ ಕೂಡ. ಬಾಗಿಲ ಮುಂದೆ ನಿಂತೆ, ಕೈ ಎತ್ತಿದೆ. ಬಾಗಿಲ ಆ ಬದಿಯಲ್ಲಿ ನಿಮ್ಮ ಉಸಿರು ನಿಂತಿತ್ತು, ಸಿಳ್ಳೆಯೂ ಇಲ್ಲ. ಕಾಯುತ್ತಿದ್ದಿರಿ. ನಾನು — ತಟ್ಟಲಿಲ್ಲ. ಎಲ್ಲಿ ತೆಗೆದುಬಿಡುತ್ತೀರೋ ಎಂದು. ಬೆರಳಲ್ಲಿದ್ದ ಸಿಗರೇಟು ಚರ್ಮ ಸುಡುವವರೆಗೂ ಹಾಗೇ ನಿಂತಿದ್ದು, ಹಾಗೇ ಇಳಿದು ಬಂದೆ.

ನಾನು ನಮ್ಮ ಬಾಗಿಲು ಮುಟ್ಟುವಾಗ ಮೇಲೆ ನೀವು ಹೇಳಿದ್ದು ಕೇಳಿತು. "ಹಂಗಾದ್ರೆ ಮುರಿದ್ರಿ." ಅಳಲಿಲ್ಲ ನೀವು. ಅದೇ ಇವತ್ತಿಗೂ ಕೇಳುವುದು.

ಅವತ್ತೇ ಸಿಗರೇಟು ಬಿಟ್ಟೆ, ಮೆಟ್ಟಿಲಿನ ಕಡೆಗೂ ಹೋಗಲಿಲ್ಲ. ಬಿಟ್ಟೆನೆಂದು ಹೊಗಳಿಸಿಕೊಳ್ಳಲು ಹೇಳುತ್ತಿಲ್ಲ, ತಪ್ಪು ಸಿಗರೇಟಿನದಾಗಿರಲೂ ಇಲ್ಲ. ಕೆಲವು ದಿನಗಳಾದ ಮೇಲೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೇನೆ — ಹೊಗೆ. ಅದೇ ವಾಸನೆ, ಅದೇ ಹೊತ್ತು, ಹೊರಗೆ ಶಂಖ. ನಾನಿಲ್ಲಿ ಕೆಳಗಿದ್ದೇನೆ. ಏರಿ ನೋಡಿದೆ. ಕಿಟಕಿ ಪೂರ್ತಿ ತೆರೆದಿತ್ತು. ಅದರ ಕಟ್ಟೆಯ ಮೇಲೆ ಸಿಗರೇಟು ತುದಿಯವರೆಗೂ ಉರಿದು, ಬೂದಿ ಮುರಿಯದೆ ಇಡಿಯಾಗಿ ನಿಂತಿತ್ತು. ಯಾರೂ ತುಟಿಗಿಡದೆ ತಾನೇ ಉರಿದ ಸಿಗರೇಟು. ಕತ್ತಲಲ್ಲಿ ಮೇಲೆ ನೋಡುತ್ತಾ ಏರಿದವಳಿಗೆ ಕಂಡಿರಲಿಲ್ಲ — ಕೆಳಗೆ ನಿಮ್ಮ ಬಾಗಿಲು ತೆರೆದೇ ಇತ್ತು, ನೀವು ಹೊಸ್ತಿಲ ಮೇಲೆ ಬಿದ್ದಿದ್ದಿರಿ.

ಹಚ್ಚಿದವರು ನೀವೇ ಇರಬೇಕು. ಬಾರದೆ ಹೋದವರನ್ನು ಕರೆಯಲು ಹಚ್ಚಿ ಬಂದು ಕೂತಿರುತ್ತೀರಿ. ಬೇರೆ ಯಾರು? ಹಾಗೆಂದೇ ನನಗೆ ಹೇಳಿಕೊಳ್ಳುತ್ತೇನೆ. ಆದರೆ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಇಟ್ಟುಕೊಂಡು ನೀವು ನನ್ನ ಕೈ ಹಿಡಿದು ಹೇಳಿದ್ದು ನೆನಪಿದೆಯಾ — "ಇವತ್ತು ನಾನು ಇಡೋದೇ ಮರ್ತಿದ್ದೆ ಕಣಮ್ಮ, ಆದ್ರೂ ಬಂದಿದ್ರು." ನಾನು ಆಗಲೂ ಬಾಯಿ ಬಿಡಲಿಲ್ಲ. ರೂಪಾ ಬಂದು ನಿಮ್ಮನ್ನು ಮೈಸೂರಿಗೆ ಕರೆದುಕೊಂಡು ಹೋದಳು. ಸ್ಟೇಷನ್ನಿನಲ್ಲಿ ನೀವು ನನ್ನ ತಲೆ ಸವರಿ, ನಿನ್ನಂಥ ಹುಡುಗಿ ಪಕ್ಕದಲ್ಲಿದ್ದದ್ದು ನನ್ನ ಪುಣ್ಯ ಎಂದಿರಿ. ಅದನ್ನೂ ತೆಗೆದುಕೊಂಡೆ.

ಹೋದ ತಿಂಗಳು ರೂಪಾ ಫೋನಿನಲ್ಲಿ ಮಾತಾಡುತ್ತಾ ಹೇಳಿದಳು. ಅಮ್ಮ ಈಗಲೂ ಮಹಾಲಯಕ್ಕೆ ಎಡೆ ಇಡುತ್ತಾರಂತೆ, ಎಲ್ಲ ಹಿರಿಯರ ಹೆಸರು ಹೇಳಿ ಕೈ ಮುಗಿಯುತ್ತಾರಂತೆ. ಅಪ್ಪನ ಎಲೆಯ ಮುಂದೆ ಮಾತ್ರ ಮುಗಿಯುವುದಿಲ್ಲವಂತೆ. ಬಡಿಸುತ್ತಾರೆ, ಸಿಗರೇಟಿಡುತ್ತಾರೆ, ಎದ್ದು ಬಂದುಬಿಡುತ್ತಾರೆ. ಯಾಕೆ ಅಂತ ಕೇಳಿದ್ರೆ ಹೇಳೋದಿಲ್ಲ ಆಂಟಿ, ನಿಮಗೇನಾದ್ರೂ ಗೊತ್ತಾ ಎಂದು ಕೇಳಿದಳು. ಬಂದು ಹೇಳುತ್ತೇನೆ ಎಂದೆ. ಇಷ್ಟು ವರ್ಷದಲ್ಲಿ ಆ ವಿಷಯದ ಬಗ್ಗೆ ನನ್ನ ಬಾಯಿಂದ ಬಂದ ಮೊದಲ ನಿಜ ಅದು.

ಇದನ್ನು ಬರೆದದ್ದು ನಿಮಗೆ ಕಳಿಸಲು ಅಲ್ಲ. ಎದುರಿಗೆ ನಿಂತಾಗ ನಾಲಿಗೆ ತೊದಲಬಾರದೆಂದು, ಅಷ್ಟೇ. ಅತ್ತೆ ಈಗಿಲ್ಲ. ಗಂಡನಿಗೆ ನಿನ್ನೆ ಎಲ್ಲ ಹೇಳಿದ್ದೇನೆ. ಹೌರಾದಿಂದ ರೈಲಿಗೆ ಟಿಕೆಟ್ಟಾಗಿದೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ, ಅದನ್ನು ಕೇಳುವ ಬಾಯಿ ನನಗಿಲ್ಲ.

ಈ ಸಲ ಎಡೆಯಿಟ್ಟು, ಬಾಗಿಲು ಹಾಕಿ, ನೀವು ಹೊರಗೆ ಕೂತಾಗ ನಾನೂ ಪಕ್ಕದಲ್ಲಿ ಕೂರುತ್ತೇನೆ. ನಿಮ್ಮ ಮುಖ ನೋಡಿಕೊಂಡು, ಮೊದಲ ಸಾಲಿನಲ್ಲಿ ಬರೆದದ್ದನ್ನು ಹೇಳುತ್ತೇನೆ. ಆಮೇಲೆ ನನ್ನನ್ನು ಆಚೆಗೆ ಕಳಿಸುವುದಾದರೆ ಕಳಿಸಿ, ಹೋಗುತ್ತೇನೆ. ಆದರೆ ಅದಕ್ಕೆ ಮುಂಚೆ, ಆ ಬಾಗಿಲು ತಟ್ಟುವುದನ್ನು ನನಗೆ ಬಿಡಿ. ಒಂದೇ ಸಲ ತಟ್ಟುತ್ತೇನೆ, ಜಯಕ್ಕ. ಆಮೇಲೆ ನೀವು ಒಳಗೆ ಹೋಗಿ ಅವರಿಗೆ ಕೈ ಮುಗಿಯಿರಿ.